ಕಾಲು ನನ್ನದು, ಕೈ ಡಾಕ್ಟರದು

ಕಾರು ಓಡಿಸಲು ಎರಡು ಕೈ, ಎರಡು ಕಾಲು ಬೇಕು ಎಂಬುದು ಲೋಕದಲ್ಲಿ ಬೇರುಬಿಟ್ಟಿರುವ ತಪ್ಪು ತಿಳಿವಳಿಕೆ. ಎರಡು ಕಾಲು, ಒಂದು ಬಾಯಿ ಇದ್ದರೆ ಧಾರಾಳವಾಗಿ ಸಾಕು. ಇಷ್ಟೇ ಬಂಡವಾಳದಲ್ಲಿ ನಾನು ವರ್ಷಾನುಗಟ್ಟಲೆ ಡ್ರೈವಿಂಗ್ ಸ್ಕೂಲ್ ನಡೆಸಿ, ಅರ್ಧ ಊರಿಗೆ ಕಾರು ಕಲಿಸಿ, ಸಂಸಾರವನ್ನೂ ತೂಗಿಸಿದ್ದೇನೆ. (ಸಂಸಾರ ತೂಗಿಸಿದ್ದು ತಾನು ಎಂದು ನನ್ನ ಹೆಂಡತಿಯ ವಾದ. ಆ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.)

ಡ್ರೈವಿಂಗ್ ಸ್ಕೂಲಿನ ಕಾರನ್ನು ನೀವು ನೋಡಿರುತ್ತೀರಿ. ಬಲಗಡೆ ಕಲಿಯುವವರು ಸ್ಟೀರಿಂಗ್ ಹಿಡಿದು ಬೆವರುತ್ತಿರುತ್ತಾರೆ. ಎಡಗಡೆ ಕಲಿಸುವವನು ಕೂತಿರುತ್ತಾನೆ. ಅವನ ಕಾಲಡಿಯಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಶಿಷ್ಯ ಹಸುವಿಗೆ ಗುದ್ದುವ ಮುಂಚೆ ಗುರು ತುಳಿಯುತ್ತಾನೆ, ಹಸು ಬದುಕುತ್ತದೆ, ಶಿಷ್ಯ ತಾನೇ ಬದುಕಿಸಿದೆ ಅಂದುಕೊಳ್ಳುತ್ತಾನೆ. ಆ ಎಡಗಡೆಯ ಸೀಟಿಗೆ ನಾನು ಮನಸ್ಸಿನಲ್ಲೇ ವಾಮಪೀಠ ಎಂದು ನಾಮಕರಣ ಮಾಡಿದ್ದೆ. ಪೀಠ ಏರಿದವನು ಇಳಿಯುವುದುಂಟೇ? ನಾನು ಇಳಿಯಲಿಲ್ಲ. ತರಕಾರಿ ತರಬೇಕಾದರೆ ಯಾರಾದರೊಬ್ಬ ಶಿಷ್ಯನಿಗೆ ಆ ದಿನ ಮಾರುಕಟ್ಟೆ ರಸ್ತೆಯ ಪಾಠ. ಷಡ್ಡಕನ ಮಗಳ ಮದುವೆಗೆ ಹೋಗಬೇಕಾದರೆ ಇನ್ನೊಬ್ಬನಿಗೆ ಹೆದ್ದಾರಿಯ ಪಾಠ. ಹೀಗಾಗಿ ನಾನು ಸ್ಟೀರಿಂಗ್ ಮುಟ್ಟಿ ಎಷ್ಟು ಕಾಲವಾಗಿತ್ತೆಂದರೆ, ಅದು ದುಂಡಗಿದೆಯೋ ಚೌಕವಾಗಿದೆಯೋ ಪ್ರಮಾಣ ಮಾಡಿ ಹೇಳು ಎಂದರೆ ಒಂದು ಗಳಿಗೆ ತಡವರಿಸುತ್ತಿದ್ದೆ. ಇನ್ನು ಆಕ್ಸಿಲರೇಟರು ಎಂಬ ಮೂರನೆಯ ಪೆಡಲು ಗುರುವಿನ ಕಡೆ ಇರುವುದೇ ಇಲ್ಲ. ಅದರ ಪರಿಚಯ ನನ್ನ ಪಾದಕ್ಕೆ ಪೂರ್ತಿ ತಪ್ಪಿಹೋಗಿತ್ತು.

ಇದು ಊರಿಗೆ ಗೊತ್ತಿರಲಿಲ್ಲ. ಊರಿಗೆ ನಾನು 'ಗುರುಗಳು'. ದಾರಿಯಲ್ಲಿ ಸಿಕ್ಕವರು ಸ್ಕೂಟರ್ ನಿಧಾನ ಮಾಡಿ, "ಗುರುಗಳೇ, ಚೆನ್ನಾಗಿದ್ದೀರಾ?" ಎನ್ನುತ್ತಾರೆ. ಆ ಒಂದು ಪದಕ್ಕಾಗಿ ನಾನು ತರಕಾರಿ ಚೀಲವನ್ನು ಎದೆ ಉಬ್ಬಿಸಿಕೊಂಡು ಹಿಡಿಯುತ್ತೇನೆ. ನನಗಿರುವ ಆಸ್ತಿ ಅದೊಂದೇ ಎಂದರೂ ಸುಳ್ಳಲ್ಲ. ಆ ಆಸ್ತಿ ಪರದೇಶದ ಒಂದು ಬೆಟ್ಟದ ರಸ್ತೆಯಲ್ಲಿ, ಒಂದು ಕಡೆ ಬಂಡೆ ಇನ್ನೊಂದು ಕಡೆ ಪ್ರಪಾತ ಇಟ್ಟುಕೊಂಡು ತೂಗಾಡಿದ ಕಥೆಯನ್ನೇ ನಿಮಗೆ ಹೇಳಬೇಕಾಗಿರುವುದು.

ನಮ್ಮದು ಐದು ಜನರ ಗುಂಪು. ನಾನು, ನನ್ನ ಹೆಂಡತಿ, ಬೇಕರಿ ಯಜಮಾನರು, ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಅವರ ಹೆಂಡತಿ ಟೀಚರಮ್ಮ, ಮತ್ತು ಹಲ್ಲಿನ ಡಾಕ್ಟರು. ಡಾಕ್ಟರು ಬ್ರಹ್ಮಚಾರಿ. ಹೆಣ್ಣು ನೋಡಲು ಹೋದಾಗ ಮೊದಲು ಬಾಯಿ ತೆಗೆಯಲು ಹೇಳಿದರಂತೆ, ಅದಕ್ಕೇ ಆಗಲಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಡಾಕ್ಟರೂ ಬೇಕರಿಯವರೂ ನನ್ನ ಶಿಷ್ಯರು. ಇಬ್ಬರೂ ಕಾರು ಓಡಿಸುತ್ತಿದ್ದುದು ಭಾನುವಾರ ಮಾತ್ರ, ಅದೂ ನಮ್ಮ ಸ್ಕೂಲಿನ ಕಾರನ್ನು, ಎಡಗಡೆ ನಾನು ಕೂತಾಗ. ಡಾಕ್ಟರ ಕೈ ಅಪರೂಪದ ಕೈ. ಸೂಜಿಯ ಕಣ್ಣಿನಲ್ಲಿ ಕಾರು ನುಗ್ಗಿಸಿಬಿಡುತ್ತಾರೆ. ಆದರೆ ಅವರು ಅದುವರೆಗೆ ಬ್ರೇಕು ತುಳಿದಿರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನಾನು ತುಳಿದಿರುತ್ತಿದ್ದೆ. ಇದು ಅವರಿಗೆ ತಿಳಿದಿರಲಿಲ್ಲ. "ಗುರುಗಳೇ, ನನ್ನ ಬ್ರೇಕಿಂಗ್ ಎಷ್ಟು ನಯ ನೋಡಿದ್ರಾ?" ಎಂದು ಅವರು ಹಿಗ್ಗಿದಾಗಲೆಲ್ಲ ನಾನು ಗಂಭೀರವಾಗಿ ತಲೆಯಾಡಿಸುತ್ತಿದ್ದೆ.

ಪರದೇಶ ಪ್ರವಾಸದ ಪ್ರಸ್ತಾಪ ತಂದವರು ಬೇಕರಿಯವರು. ಪ್ರವಾಸದ ಕಂಪನಿಯವರ ಜೊತೆ ಹೋಗೋಣ ಎಂದೆ. ಡಾಕ್ಟರು ಒಪ್ಪಲಿಲ್ಲ.

"ಬಾವುಟ ಹಿಡ್ಕೊಂಡ್ ಒಬ್ಬ ಮುಂದೆ ಹೋಗೋದು, ಬಾತುಕೋಳಿ ಹಾಗೆ ನಾವು ಹಿಂದೆ ಹೋಗೋದು! ಬೇಡವೇ ಬೇಡ. ನಾವೇ ಸುತ್ತೋಣ, ನಾವೇ ವ್ಯಾನ್ ಬಾಡಿಗೆಗೆ ತಗೊಳ್ಳೋಣ."

"ಓಡಿಸೋರು ಯಾರು?" ಎಂದೆ.

ಎಲ್ಲರೂ ಹೋ ಎಂದು ನಕ್ಕರು. ನಾನು ಜೋಕು ಮಾಡಿದೆ ಅಂದುಕೊಂಡಿದ್ದರು. ಪರದೇಶದಲ್ಲಿ ಓಡಿಸುವ ಪರವಾನಗಿಯನ್ನು ನನ್ನೊಬ್ಬನ ಹೆಸರಲ್ಲೇ ಮಾಡಿಸಿದರು. ಗುರುಗಳಿರುವಾಗ ನಮಗೆ ಯಾಕೆ ಎಂಬ ಭಕ್ತಿ. ಅಷ್ಟೇ ಅಲ್ಲ, ತಾನಾಗಿ ಗೇರು ಬದಲಾಗುವ ವ್ಯಾನು ಗುರುಗಳ ಘನತೆಗೆ ಕಮ್ಮಿ ಎಂದು ಬೇಕರಿಯವರು ಖುದ್ದಾಗಿ ಬರೆದು, ಕೈಯಿಂದ ಗೇರು ಹಾಕುವ ವ್ಯಾನನ್ನೇ ಗೊತ್ತುಮಾಡಿದರು. ಇಂಥ ಸ್ನೇಹಿತರಿದ್ದರೆ ವೈರಿಗಳಿಗೆ ಕೆಲಸವೇ ಇಲ್ಲ.

ಮೊದಲ ದಿನಗಳು ರೈಲಿನಲ್ಲಿ, ಟ್ರಾಮಿನಲ್ಲಿ, ಕಾಲ್ನಡಿಗೆಯಲ್ಲಿ ಕಳೆದವು. ಸುಖವಾಗಿಯೇ ಕಳೆದವು ಅನ್ನಿ. ಬೇಕರಿಯವರು ಕಂಡ ಕಂಡ ಅಂಗಡಿಗೆ ನುಗ್ಗಿ ಬ್ರೆಡ್ಡನ್ನು ಹೆಬ್ಬೆರಳಲ್ಲಿ ಅದುಮಿ, "ಇನ್ನೂ ಸ್ವಲ್ಪ ಹುದುಗಬೇಕಿತ್ತು" ಎಂದು ತೀರ್ಪು ಕೊಟ್ಟು ಬೈಸಿಕೊಂಡು ಹೊರಗೆ ಬರುತ್ತಿದ್ದರು. ಡಾಕ್ಟರು ಮ್ಯೂಸಿಯಮ್ಮಿನಲ್ಲಿ ಅಮೃತಶಿಲೆಯ ರಾಜನ ಮುಂದೆ ಬಹಳ ಹೊತ್ತು ನಿಂತು, "ಬಾಯಿ ಮುಚ್ಚಿಸಿಬಿಟ್ಟಿದ್ದಾರೆ, ಒಳಗೆ ಏನು ಅವಸ್ಥೆಯೋ" ಎಂದು ನಿಟ್ಟುಸಿರು ಬಿಟ್ಟರು. ನನ್ನ ಹೆಂಡತಿ ಹೊಸ ಬೂಟು ಹಾಕಿಕೊಂಡು ಹುಡುಗಿಯ ಹಾಗೆ ಟಕಟಕ ಓಡಾಡಿದಳು. ಅವಳು ಅಷ್ಟು ನಕ್ಕಿದ್ದನ್ನು ನೋಡಿ ನನಗೂ ಖುಷಿಯಾಗುತ್ತಿತ್ತು. ಆದರೆ ಮರುಕ್ಷಣವೇ ವ್ಯಾನು ನೆನಪಾಗುತ್ತಿತ್ತು. ಕೊನೆಯ ಪಯಣ ಒಂದು ದ್ವೀಪಕ್ಕೆ. ಬೆಟ್ಟದ ಮೇಲಿನ ಊರಿನಿಂದ ಕೆಳಗಿನ ಬಂದರಿಗೆ ವ್ಯಾನಿನಲ್ಲಿ ಇಳಿದು, ವ್ಯಾನಿನ ಸಮೇತ ಮಧ್ಯಾಹ್ನದ ಹಡಗು ಹಿಡಿಯಬೇಕು. ದಿನಕ್ಕೆ ಒಂದೇ ಹಡಗು.

"ಏನ್ರೀ, ನೋಡ್ತಾನೇ ಇದ್ದೀನಿ, ತಟ್ಟೇಲಿ ಬೆರಳಾಡಿಸ್ತಿದ್ದೀರಿ," ಎಂದಳು ಹೆಂಡತಿ, ಹೊರಡುವ ದಿನ ಬೆಳಗ್ಗೆ.

"ಹವೆ ಒಗ್ಗಿಲ್ಲ ಕಣೇ."

"ಹವೆ ಒಗ್ಗದಿದ್ರೆ ಮೂಗು ಸೋರುತ್ತೆ, ಮುಖ ಸೋರಲ್ಲ. ಏನ್ ವಿಷ್ಯ?"

"ಭುಜ... ಭುಜ ಹಿಡ್ಕೊಂಡಿದೆ. ಕೈ ಎತ್ತೋಕಾಗ್ತಿಲ್ಲ. ಇವತ್ತು ಓಡಿಸೋದು ಕಷ್ಟ ಅನ್ಸುತ್ತೆ."

ರಾತ್ರಿಯೆಲ್ಲ ಯೋಚಿಸಿ ಕಟ್ಟಿದ ಉಪಾಯ ಇದು. ಆದರೆ ಪಕ್ಕದ ಮೇಜಿನಲ್ಲಿದ್ದ ಬೇಕರಿಯವರ ಕಿವಿಗೂ ಬಿತ್ತು. "ಭುಜಾನಾ? ಇಷ್ಟೇನಾ?" ಎಂದವರೇ ತೋಳು ಮಡಿಸಿ ಹಿಂದಿನಿಂದ ನನ್ನ ಮೇಲೆ ಎರಗಿದರು. ದಿನಾ ಮೂಟೆಗಟ್ಟಲೆ ಮೈದಾ ನಾದುವ ಕೈ ಅದು. ಎತ್ತಿ, ಮಡಚಿ, ಗುದ್ದಿ, ಎಳೆದು, ಅಂಗೈಯಲ್ಲಿ ಒತ್ತಿ, ನನ್ನನ್ನು ಒಲೆಗೆ ಹಾಕುವುದೊಂದು ಬಾಕಿ. ಇನ್ನೂ ಭುಜ ನೋಯುತ್ತದೆ ಎಂದರೆ ಇನ್ನೊಂದು ಸುತ್ತು ನಾದುತ್ತಾರೆ ಎಂಬುದು ಅವರ ಕಣ್ಣಿನಲ್ಲೇ ಕಾಣುತ್ತಿತ್ತು.

"ವಾಸಿಯಾಯ್ತು," ಎಂದೆ. "ಪೂರ್ತಿ ವಾಸಿಯಾಯ್ತು."

ವ್ಯಾನು ಬಾಡಿಗೆಗೆ ಕೊಡುವವರ ಅಂಗಳದಲ್ಲಿ ಒಬ್ಬಳು ಹುಡುಗಿ ನಗುತ್ತ ಕೀಲಿ ಕೊಟ್ಟಳು. ಕೀಲಿ ಅಂಗೈಯಲ್ಲಿ ಮಂಜುಗಡ್ಡೆಯ ಹಾಗಿತ್ತು. ಆದದ್ದಾಗಲಿ, ಡಾಕ್ಟರನ್ನು ಓಡಿಸಲು ಕೂರಿಸಿ ಪಕ್ಕದಲ್ಲಿ ಕೂತು ದೇವರ ಮೇಲೆ ಭಾರ ಹಾಕೋಣ ಎಂದುಕೊಂಡು, ಕೀಲಿಯನ್ನು ಅವರ ಕೈಗೆ ತುರುಕಿ, ಅಭ್ಯಾಸಬಲದಿಂದ ನೆಟ್ಟಗೆ ಎಡಗಡೆಯ ಬಾಗಿಲಿಗೆ ಹೋಗಿ ವಾಮಪೀಠದಲ್ಲಿ ಕೂತೆ. ಅದೇ ಅಭ್ಯಾಸಬಲದಿಂದ ಡಾಕ್ಟರು ಬಲಗಡೆ ಹತ್ತಿ, ಬೆಲ್ಟು ಕಟ್ಟಿ, ಕನ್ನಡಿ ಸರಿಮಾಡಿ, ಎರಡೂ ಕೈ ಮುಂದೆ ಚಾಚಿದರು. ಕೈಗೆ ಗಾಳಿ ಸಿಕ್ಕಿತು.

"ಗುರುಗಳೇ," ಎಂದರು ಗಾಬರಿಯಿಂದ, "ಈ ಗಾಡಿಗೆ ಸ್ಟೀರಿಂಗೇ ಕೊಟ್ಟಿಲ್ಲ!"

ಸ್ಟೀರಿಂಗು ನನ್ನ ಎದೆಗೆ ಒತ್ತಿಕೊಂಡಿತ್ತು. ಆ ದೇಶದಲ್ಲಿ ಅದು ಎಡಗಡೆ ಇರುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಪಾಠದಲ್ಲೇ ಹೇಳಿಕೊಡುತ್ತೇನೆ. ಆದರೆ ತಲೆಗೆ ಗೊತ್ತಿರುವುದೆಲ್ಲ ಬೆನ್ನಿಗೆ ಗೊತ್ತಿರುತ್ತದೆಯೇ? ಹಿಂದೆ ಕೂತಿದ್ದ ಬೇಕರಿಯವರು ಚಪ್ಪಾಳೆ ತಟ್ಟಿದರು. "ನೋಡಿದ್ರಾ, ಗುರುಗಳು ಹೊಸ ದೇಶದಲ್ಲೂ ಒಂದು ಚೂರು ತಡಬಡಾಯಿಸಲಿಲ್ಲ! ನೇರ ಡ್ರೈವರ್ ಸೀಟಿಗೇ ಹೋಗಿ ಕೂತರು." ಡಾಕ್ಟರು ನಾಚಿಕೊಂಡು ಕೀಲಿಯನ್ನು ನನಗೆ ಮರಳಿಸಿದರು. ಇಳಿಯೋಣವೆಂದರೆ ಬಾಗಿಲ ಹತ್ತಿರ ಆ ಹುಡುಗಿ ಕೈ ಬೀಸುತ್ತ ನಿಂತಿದ್ದಾಳೆ. ಹೆದರಿದೆ. ನಿಜವಾಗಿ ಹೆದರಿದೆ.

ಇಂಜಿನ್ ಶುರುವಾಯಿತು. ಕ್ಲಚ್ಚನ್ನು ನನ್ನ ಎಡಗಾಲು ಬೆಣ್ಣೆಯ ಹಾಗೆ ಬಿಟ್ಟಿತು. ರಸ್ತೆ ಮೊದಲಿನಿಂದಲೇ ಇಳಿಜಾರು, ಮೂರನೆಯ ಪೆಡಲಿನ ಹಂಗಿಲ್ಲದೆ ವ್ಯಾನು ಹೊರಟೇಬಿಟ್ಟಿತು. ನನ್ನ ಕೈಗಳು ಎಂದಿನಂತೆ ಮಡಿಲಲ್ಲಿದ್ದವು. ವ್ಯಾನು ಹೂವಿನ ಪಾತಿಯ ಕಡೆ ಮುಖ ಮಾಡಿತು. ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು.

"ಬಲಕ್ಕೆ! ಸ್ಟೀರಿಂಗ್ ಬಲಕ್ಕೆ! ಪೂರ್ತಿ ಬಲಕ್ಕೆ!"

ಯಾರಿಗೆ ಹೇಳಿದೆನೋ ನನಗೇ ತಿಳಿಯದು. ಆದರೆ ಶಿಷ್ಯ ಎಂದರೆ ಹಾಗಿರಬೇಕು. ಡಾಕ್ಟರು ಬೆಲ್ಟು ಸಮೇತ ನನ್ನ ಮೇಲೆ ಬಾಗಿ, ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದು ಪೂರ್ತಿ ಬಲಕ್ಕೆ ತಿರುಗಿಸಿದರು. ಒಂದು ಹೂವೂ ಬಾಗಲಿಲ್ಲ. ವ್ಯಾನು ಗೇಟು ದಾಟಿ ರಸ್ತೆಗಿಳಿಯಿತು. ಡಾಕ್ಟರು ಕೈ ತೆಗೆಯಲಿಲ್ಲ. ನಾನೂ ತೆಗೆಯಿರಿ ಎನ್ನಲಿಲ್ಲ.

ಹೀಗೆ ಯಾರೂ ಯೋಜಿಸದೆ ನಮ್ಮ ಪಾಲುದಾರಿಕೆ ಶುರುವಾಯಿತು. ಕಾಲು ನನ್ನದು, ಬಾಯಿ ನನ್ನದು, ಕೈ ಡಾಕ್ಟರದು. "ಎಡಕ್ಕೆ ಸ್ವಲ್ಪ... ನೇರ ಮಾಡಿ... ಕ್ಲಚ್ ಒತ್ತಿದ್ದೀನಿ, ಎರಡನೇ ಗೇರು..." ಡಾಕ್ಟರ ತಲೆ ನನ್ನ ಗಲ್ಲದ ಕೆಳಗಿತ್ತು. ಒಂದು ಕಡೆ ಬಂಡೆ. ಇನ್ನೊಂದು ಕಡೆ ಮೊಳಕಾಲೆತ್ತರದ ಕಟ್ಟೆ, ಅದರಾಚೆ ಬರೀ ಗಾಳಿ, ಬಹಳ ಕೆಳಗೆ ತುಂಡು ಸಮುದ್ರ. ಎದುರಿನಿಂದ ಒಂದು ಉದ್ದನೆಯ ಬಸ್ಸು ತಿರುವು ತುಂಬಿಕೊಂಡು ಬಂತು. ನಾನು ಉಸಿರು ಕಟ್ಟಿ ಬ್ರೇಕಿನ ಮೇಲೆ ಕಾಲಿಟ್ಟೆ. ಡಾಕ್ಟರು ಉಸಿರು ಕಟ್ಟಿ ಸ್ಟೀರಿಂಗನ್ನು ಕೂದಲೆಳೆಯಷ್ಟು ಹೊರಳಿಸಿದರು. ಬಸ್ಸು ನಮ್ಮ ಕನ್ನಡಿಯನ್ನು ಸವರಿಕೊಂಡ ಹಾಗೆ ಹೋಯಿತು.

"ಗುರುಗಳೇ," ಎಂದರು ಡಾಕ್ಟರು ಕೆಳಗಿನಿಂದ ಮೆಲ್ಲಗೆ.

"ಏನು? ಏನು?"

"ಕೆಳದವಡೆ, ಹಿಂದಿನದು, ಹುಳುಕಾಗಿದೆ. ಊರಿಗೆ ಹೋದ ತಕ್ಷಣ ಬಂದ್ಬಿಡಿ."

"ರಸ್ತೆ ನೋಡ್ರೀ!"

"ನೀವು ಬಾಯಿ ಮುಚ್ಚಿದ್ರೆ ನೋಡ್ತೀನಿ."

"ಬಾಯಿ ಮುಚ್ಚಿದ್ರೆ ನಿಮಗೆ ಎಡ ಬಲ ಹೇಳೋರು ಯಾರು?"

ಹಿಂದಿನ ಸೀಟಿನಲ್ಲಿ ಬೇಕರಿಯವರು ನಿದ್ದೆಗೆ ಜಾರಿದ್ದರು. ಟೀಚರಮ್ಮ ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು. ನನ್ನ ಹೆಂಡತಿ ಮಾತ್ರ ನೆಟ್ಟಗೆ ಕೂತು ಮುಂದೆ ನೋಡುತ್ತಿದ್ದಳು. ಕನ್ನಡಿಯಲ್ಲಿ ಅವಳ ಕಣ್ಣು ಕಂಡವು.

"ರೀ."

"ಹೂಂ."

"ನಿಮ್ಮ ಕೈ ಎಲ್ಲಿದೆ?"

ಸುಳ್ಳು ಹೇಳೋಣವೆಂದರೆ ಕೈ ಮಡಿಲಲ್ಲೇ ಇತ್ತು. ಅವಳು ಮತ್ತೇನೂ ಕೇಳಲಿಲ್ಲ. ನನ್ನ ಹೆಂಡತಿ ಬೈದರೆ ನಾನು ಹೆದರುವುದಿಲ್ಲ, ಅದು ದಿನದ ಊಟದ ಹಾಗೆ. ಸುಮ್ಮನಾದರೆ ಮೈ ನಡುಗುತ್ತದೆ. ಪ್ರಪಾತಕ್ಕಿಂತ ಆ ಮೌನವೇ ಹೆಚ್ಚು ಆಳವಾಗಿತ್ತು.

ಇಳಿಜಾರು ಮುಗಿಯುವವರೆಗೆ ಎಲ್ಲ ಸರಿಯಿತ್ತು. ಮುಗಿಯುತ್ತಿದ್ದಂತೆ ರಸ್ತೆ ದ್ರೋಹ ಮಾಡಿತು. ಬಂದರಿಗೆ ಮುಂಚೆ ಒಂದು ಸಣ್ಣ ದಿಬ್ಬ, ಮೇಲಕ್ಕೆ. ಮೂರನೆಯ ಪೆಡಲು ಬೇಕೇಬೇಕು. ಅದು ನನ್ನ ಬಲಗಾಲಿನ ಪಕ್ಕದಲ್ಲೇ ಇತ್ತು, ಪರಕೀಯನ ಹಾಗೆ. ಮೆಲ್ಲಗೆ ಮುಟ್ಟಿದೆ. ವ್ಯಾನು ಗುರ್ ಎಂದು ನೆಗೆಯಿತು. ಬೇಕರಿಯವರು ಎದ್ದು, "ಬಂತಾ ಹಡಗು?" ಎಂದರು. ನಾನು ಬೆದರಿ ಬ್ರೇಕು ತುಳಿದೆ. ಇಂಜಿನ್ ನಿಂತಿತು. ಮತ್ತೆ ಶುರು, ಮತ್ತೆ ನೆಗೆತ, ಮತ್ತೆ ನಿಂತಿತು. ಹಿಂದೆ ಕಾರುಗಳ ಸಾಲು ಬೆಳೆಯಿತು. ಒಬ್ಬ ಹಾರ್ನ್ ಹೊಡೆದ, ಆಮೇಲೆ ಎಲ್ಲರೂ ಹೊಡೆದರು. ಕೆಳಗೆ ಬಂದರಿನಲ್ಲಿ ನಮ್ಮ ಬಿಳಿ ಹಡಗು ಹೊಗೆಯಾಡಿಸುತ್ತ ನಿಂತಿರುವುದು ಕಾಣುತ್ತಿತ್ತು. ಆಗ ಕಿಟಕಿಯ ಹತ್ತಿರ ಒಂದು ಮೋಟಾರ್ ಸೈಕಲ್ ಬಂದು ನಿಂತಿತು.

ಪೊಲೀಸಮ್ಮ. ಎತ್ತರದ ಹೆಂಗಸು. ಹೆಲ್ಮೆಟ್ ತೆಗೆದು ಒಳಗೆ ಬಗ್ಗಿ ನೋಡಿದಳು. ಅವಳ ಕಣ್ಣಿಗೆ ಕಂಡದ್ದು ಇಷ್ಟು: ಒಂದು ಸೀಟು, ಅದರಲ್ಲಿ ಮಡಿಲಲ್ಲಿ ಕೈಯಿಟ್ಟು ಕೂತ ಒಬ್ಬ ಮಧ್ಯವಯಸ್ಕ, ಅವನ ಎದೆಯ ಮೇಲೆ ತಲೆಯಿಟ್ಟು ಸ್ಟೀರಿಂಗ್ ತಬ್ಬಿಕೊಂಡ ಇನ್ನೊಬ್ಬ ಮಧ್ಯವಯಸ್ಕ. ಅವಳು ಏನೋ ಕೇಳಿದಳು. ಟೀಚರಮ್ಮ ಜಪ ನಿಲ್ಲಿಸಿ ಅನುವಾದಿಸಿದರು.

"ಅಣ್ಣಾ, ಇದನ್ನ ಓಡಿಸ್ತಿರೋದು ಯಾರು ಅಂತ ಕೇಳ್ತಿದ್ದಾರೆ."

ನಾನು ಡಾಕ್ಟರನ್ನು ತೋರಿಸಿದೆ. ಡಾಕ್ಟರು ನನ್ನನ್ನು ತೋರಿಸಿದರು. ಇಬ್ಬರೂ ಹೇಳಿದ್ದು ಅರ್ಧರ್ಧ ಸತ್ಯ. ಬೇಕರಿಯವರಿಗೆ ಸ್ನೇಹಿತನ ಮಾನ ಕಾಪಾಡುವ ಹುಮ್ಮಸ್ಸು ಬಂತು. "ನೀನು ಹೇಳೇ ಅವಳಿಗೆ, ಇವರು ಸಾಮಾನ್ಯದವರಲ್ಲ, ನಮ್ಮೂರಲ್ಲಿ ಎಲ್ಲರಿಗೂ ಕಾರು ಕಲಿಸೋ ಗುರುಗಳು ಅಂತ!" ಟೀಚರಮ್ಮ ಹೇಳಿಬಿಟ್ಟರು. ಹೇಳಬಾರದಿತ್ತು. ಪೊಲೀಸಮ್ಮ ಮೊದಲು ನನ್ನ ಪರವಾನಗಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು, ಆಮೇಲೆ ಮೋಟಾರ್ ಸೈಕಲ್ಲಿಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಹಿಂದಿನ ಕಾರಿನವರು ಹಾರ್ನ್ ನಿಲ್ಲಿಸಿ ಇಳಿದು ಬಂದರು. ಅವರಿಗೂ ಹೇಳಿದಳು. ಅವರೂ ನಕ್ಕರು. ಆಮೇಲೆ ನಾಲ್ಕು ಜನ ಸೇರಿ ವ್ಯಾನನ್ನು ದಿಬ್ಬದ ಪಕ್ಕದ ಒಂದು ಖಾಲಿ ಅಂಗಳಕ್ಕೆ ತಳ್ಳಿದರು. ಯಾವುದೋ ಗೋದಾಮಿನ ಅಂಗಳ. ಅಲ್ಲಿ ನಿಂತು ಅವಳು ನಗು ನಿಲ್ಲಿಸಿ ಆಜ್ಞೆ ಮಾಡಿದಳು.

"ಪರವಾನಗಿ ಇವರ ಹೆಸರಲ್ಲಿದೆ, ಇವರೇ ಓಡಿಸಬೇಕಂತೆ," ಎಂದರು ಟೀಚರಮ್ಮ. "ಕೈಯೂ ಇವರದೇ, ಕಾಲೂ ಇವರದೇ ಇರಬೇಕಂತೆ. ಮೊದಲು ಇಲ್ಲಿ ಸುತ್ತು ಹಾಕಿ ತೋರಿಸ್ಬೇಕಂತೆ. ಆಗದಿದ್ರೆ ವ್ಯಾನು ಇಲ್ಲೇ, ನಾವೂ ಇಲ್ಲೇ. ಡಾಕ್ಟ್ರು ಹಿಂದೆ ಬರ್ಬೇಕಂತೆ."

ಡಾಕ್ಟರು ಹಿಂದೆ ಹೋದರು. ಈಗ ನಾಲ್ಕು ಜನರ ಎಂಟು ಕಣ್ಣುಗಳು ನನ್ನ ಬೆನ್ನಿನ ಮೇಲಿದ್ದವು. ಕೈ ಎತ್ತಿ ಸ್ಟೀರಿಂಗ್ ಹಿಡಿದೆ. (ದುಂಡಗಿತ್ತು.) ಇನ್ನು ಮುಚ್ಚಿಟ್ಟು ಉಪಯೋಗವಿರಲಿಲ್ಲ.

"ನಂಗೆ ಬರಲ್ಲ," ಎಂದೆ.

"ಅಂದ್ರೆ?" ಎಂದರು ಬೇಕರಿಯವರು.

"ಕ್ಲಚ್ಚು ಬರುತ್ತೆ. ಬ್ರೇಕು ಬರುತ್ತೆ. ಮಿಕ್ಕಿದ್ದು ಮರ್ತೋಗಿದೆ."

ಡಾಕ್ಟರು ಸಣ್ಣ ದನಿಯಲ್ಲಿ ಕೇಳಿದರು. "ಹಾಗಾದ್ರೆ ಗುರುಗಳೇ... ನಾನು ಬ್ರೇಕ್ ಒತ್ತೋಕೆ ಹೋಗೋಷ್ಟರಲ್ಲಿ ಗಾಡಿ ನಿಂತಿರ್ತಿತ್ತಲ್ಲ... ಅದು?"

"ನಾನೇ."

"ನನ್ನ ಮನಸ್ಸಿನ ಶಕ್ತಿ ಅಂದ್ಕೊಂಡಿದ್ದೆ," ಎಂದರು ಡಾಕ್ಟರು. ಅವರ ದನಿ ಒಡೆದಿತ್ತು. ಬೇಕರಿಯವರು ತಮ್ಮ ಎರಡೂ ಪಾದಗಳನ್ನು ಹೊಸದಾಗಿ ನೋಡಿದವರಂತೆ ನೋಡುತ್ತ ಕೂತರು.

ಕೆಳಗಿನಿಂದ ಹಡಗು ಒಮ್ಮೆ ಕೂಗಿತು. ಅಂಗಳದಲ್ಲಿ ಪೊಲೀಸಮ್ಮ ಕೈ ಕಟ್ಟಿ ನಿಂತಿದ್ದಳು. ಅಷ್ಟರಲ್ಲಿ ನನ್ನ ಭುಜದ ಮೇಲೆ, ಬೆಳಗ್ಗೆ ನಾದಿಸಿಕೊಂಡ ಭುಜದ ಮೇಲೆಯೇ, ಹಿಂದಿನಿಂದ ಒಂದು ಕೈ ಬಂದು ಕೂತಿತು.

"ಬೆನ್ನು ಸೀಟಿಗೆ ಒರಗಲಿ," ಎಂದಳು ನನ್ನ ಹೆಂಡತಿ. "ಸ್ಟೀರಿಂಗ್ ಹಿಡೀಬೇಕು, ಹಿಂಡಬಾರದು. ಗೇರು ಒಂದರಲ್ಲಿ ಹಾಕಿ."

ನಾನು ಬೆಚ್ಚಿದೆ. ಆ ಮಾತು ನನ್ನದು. ಅಕ್ಷರ ಅಕ್ಷರವೂ ನನ್ನದು.

"ಇದೆಲ್ಲ ಎಲ್ಲಿ ಕಲಿತೆ?"

"ದಿನಾ ಬೆಳಗ್ಗೆ ಮುಂದಿನ ಕೋಣೇಲಿ ಪಾಠ ಮಾಡ್ತೀರಲ್ಲ, ಅಡುಗೆಮನೇಲಿ ಕಿವಿಗೆ ಹತ್ತಿ ತುರುಕ್ಕೊಂಡು ಇರ್ತಿದ್ನಾ ನಾನು? ನಿಮ್ಮ ಕೆಮ್ಮು ಎಲ್ಲೆಲ್ಲಿ ಬರುತ್ತೆ ಅನ್ನೋದೂ ಬಾಯಿಪಾಠ. ಈಗ ಕ್ಲಚ್ ನಿಧಾನ ಬಿಡಿ. ಬಲಗಾಲು ಆ ಮೂರನೇದರ ಮೇಲೆ. ತುಳೀಬೇಡಿ, ಮಲಗಿರೋ ಮಗುವಿನ ಮೇಲೆ ಹೊದಿಕೆ ಎಳೆದ ಹಾಗೆ."

ಇದು ನನ್ನ ಪಾಠದಲ್ಲಿ ಇರಲಿಲ್ಲ. ಇದು ಅವಳದೇ. ವ್ಯಾನು ನೆಗೆಯಲಿಲ್ಲ. ಸದ್ದಿಲ್ಲದೆ ಸಾಗಿತು.

"ಎಡಕ್ಕೆ. ಇನ್ನೂ. ಈಗ ಕೈ ಬಿಡಿ, ಅದೇ ನೇರ ಆಗುತ್ತೆ. ಕನ್ನಡಿ ನೋಡಿ, ನನ್ನ ಮುಖ ನೋಡ್ಬೇಡಿ. ನನ್ನ ಮುಖ ಮನೇಲಿ ನೋಡೋರಂತೆ."

ಸುತ್ತು ಬಂದೆ. ಎರಡನೆಯ ಸಲವೂ ಬಂದೆ. ಅಂಗಿ ಬೆನ್ನಿಗೆ ಅಂಟಿತ್ತು. ಒಂದು ಸಲ ಗೋದಾಮಿನ ಕಂಬ ನನ್ನ ಕಡೆಗೇ ನಡೆದು ಬಂದ ಹಾಗಾಯಿತು. ಅವಳು ಭುಜ ಅದುಮಿ, "ಕಂಬ ಎಲ್ಲೂ ಹೋಗಲ್ಲ, ನೀವು ಪಕ್ಕಕ್ಕೆ ಹೋಗಿ," ಎಂದಳು. ಪೊಲೀಸಮ್ಮ ನೋಡುತ್ತಿದ್ದದ್ದು ನನ್ನನ್ನಲ್ಲ, ಅವಳನ್ನು. ಹೆಬ್ಬೆರಳು ಎತ್ತಿ ತೋರಿಸಿದ್ದೂ ಅವಳಿಗೇ. ಆಮೇಲೆ ಮೋಟಾರ್ ಸೈಕಲ್ ಹತ್ತಿ, ಮೇಲಿನ ನೀಲಿ ದೀಪ ಹಚ್ಚಿ, ಹಿಂದೆ ಬನ್ನಿ ಎಂದು ಸನ್ನೆ ಮಾಡಿದಳು.

ದಿಬ್ಬ ಹತ್ತಿದ್ದು ಹೇಗೆಂದು ನನಗೆ ನೆನಪಿಲ್ಲ. ಬೆನ್ನಹಿಂದೆ ಒಂದು ದನಿ, ಮುಂದೆ ಒಂದು ನೀಲಿ ದೀಪ, ಅಷ್ಟೇ ಗೊತ್ತು. ಹಡಗು ಎರಡನೆಯ ಸಲ ಕೂಗಿತು. ಗಾಡಿ ಹತ್ತಿಸುವ ಹಲಗೆಯನ್ನು ಒಳಗೆ ಎಳೆದುಕೊಳ್ಳಲು ಹಡಗಿನ ಜನ ಬಗ್ಗಿದ್ದರು. ಮುಂದೆ ಪೊಲೀಸು, ಹಿಂದೆ ಆಮೆಯ ವೇಗದಲ್ಲಿ ನಮ್ಮ ವ್ಯಾನು ಬರುವುದನ್ನು ಕಂಡು, ಯಾರೋ ದೊಡ್ಡ ಮನುಷ್ಯರು ದರ್ಪದಿಂದ ಬರುತ್ತಿದ್ದಾರೆ ಎಂದುಕೊಂಡು ಟೋಪಿ ತೆಗೆದು ನಿಂತರು. ವ್ಯಾನು ಹಲಗೆ ಹತ್ತಿ ಹಡಗಿನ ಹೊಟ್ಟೆಯೊಳಗೆ ಸರಿಯಿತು.

"ಈಗ ಬ್ರೇಕು," ಎಂದಳು ಅವಳು. ಅದೊಂದನ್ನು ಹೇಳಿಕೊಡಬೇಕಾಗಿರಲಿಲ್ಲ.

ಹಿಂದಿನ ಸೀಟಿನಲ್ಲಿ ಚಪ್ಪಾಳೆ ಬಿತ್ತು. ನಾನು ವಿನಯದಿಂದ ಹಿಂದೆ ತಿರುಗಿದೆ. ಡಾಕ್ಟರು ಎರಡೂ ಕೈ ಜೋಡಿಸಿದ್ದರು. ನನ್ನ ಹೆಂಡತಿಯ ಕಡೆಗೆ.

"ಅತ್ತಿಗೆ, ಊರಿಗೆ ಹೋದ್ಮೇಲೆ ನಂಗೆ ಬ್ರೇಕು ಹೇಳ್ಕೊಡ್ತೀರಾ?"

"ನಂಗೂ," ಎಂದರು ಬೇಕರಿಯವರು.

ದ್ವೀಪ ಬಹಳ ಚೆನ್ನಾಗಿತ್ತಂತೆ. ಎಲ್ಲರೂ ಹೇಳುತ್ತಾರೆ. ನಾನು ಅಲ್ಲಿದ್ದಷ್ಟು ಹೊತ್ತೂ ವಾಪಸು ಬರುವ ರಸ್ತೆಯ ಬಗ್ಗೆ ಯೋಚಿಸುತ್ತಿದ್ದೆ. ವಾಪಸು ಬರುವಾಗಲೂ ಭುಜದ ಮೇಲೆ ಅದೇ ಕೈ ಇತ್ತು. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ, ಅವಳಿಗೆ ಹೇಳಬೇಡಿ: ಅಷ್ಟು ಜನ ಶಿಷ್ಯರ ಪಕ್ಕದಲ್ಲಿ ಕೂತು ನಾನು ಒಮ್ಮೆಯೂ ಯಾರ ಭುಜದ ಮೇಲೂ ಕೈ ಇಟ್ಟದ್ದಿಲ್ಲ.

ಊರಿಗೆ ಬಂದವಳೇ ಅವಳು ಪರೀಕ್ಷೆಗೆ ಹೆಸರು ಕೊಟ್ಟಳು. ಆ ದಿನ ಅಭ್ಯಾಸಬಲದಿಂದ ನಾನು ಎಡಗಡೆಯ ಬಾಗಿಲು ತೆರೆದೆ. "ಹಿಂದೆ ಕೂತ್ಕೊಳಿ," ಎಂದಳು. ನಮ್ಮ ಸ್ಕೂಲಿನ ಇತಿಹಾಸದಲ್ಲಿ ಪೂರ್ತಿ ತನ್ನ ಕಾಲಿನಿಂದಲೇ ಪಾಸಾದ ಮೊದಲ ವಿದ್ಯಾರ್ಥಿ ಅವಳೇ. ಕಲಿಸುವ ಪರವಾನಗಿಯೂ ಕಾಲಕ್ರಮದಲ್ಲಿ ಬಂತು. ಸುದ್ದಿ ಹಬ್ಬಿಸಲು ಹಲ್ಲಿನ ಡಾಕ್ಟರ ಕುರ್ಚಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಬಾಯಿ ತೆರೆದು ಕೂತವರು ಕಥೆ ಕೇಳಲೇಬೇಕು, ಎದುರು ಪ್ರಶ್ನೆ ಹಾಕುವಂತಿಲ್ಲ. ಹಳೆಯ ಶಿಷ್ಯರೆಲ್ಲ ಒಬ್ಬೊಬ್ಬರಾಗಿ ಮತ್ತೆ ಸೇರಿದರು, ಬ್ರೇಕು ಕಲಿಯಲು.

ನಾನೂ ಸೇರಿದ್ದೇನೆ. ನನ್ನ ಪಾಠ ಬೆಳಗ್ಗೆ ಎಲ್ಲರಿಗಿಂತ ಮುಂಚೆ, ನೋಡುವವರು ಕಡಿಮೆ ಇರುವ ಹೊತ್ತಿಗೆ. ನಾನು ಬಲಗಡೆ ಬೆವರುತ್ತೇನೆ. ಅವಳು ವಾಮಪೀಠದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಮಡಿಲಲ್ಲಿ ಬಟಾಣಿ ಬಿಡಿಸುತ್ತಾಳೆ. ಪೆಡಲಿನ ಮೇಲೆ ಅವಳ ಚಪ್ಪಲಿ ಮಾತ್ರ ಇರುತ್ತದೆ. ನಿನ್ನೆ ಮನೆ ಮುಂದೆ ತಿರುಗಿಸುವಾಗ ನಮ್ಮದೇ ಕಾಂಪೌಂಡು 'ಬಾ' ಎಂದು ಕರೆದಂತೆ ಹತ್ತಿರ ಬಂತು.

"ಒತ್ತೇ! ಬ್ರೇಕ್ ಒತ್ತೇ!" ಎಂದು ಕೂಗಿದೆ.

"ಯಾಕೆ, ನಿಮ್ಮ ಕಾಲು ನಿಮ್ಮ ಹತ್ರಾನೇ ಇದೆಯಲ್ಲ," ಎಂದಳು, ಬಟಾಣಿಯಿಂದ ಕಣ್ಣೆತ್ತದೆ.

ನಾನೇ ಒತ್ತಿದೆ. ಗೋಡೆಗೂ ಕಾರಿಗೂ ನಡುವೆ ಒಂದು ಬೆಕ್ಕು ನುಸುಳುವಷ್ಟು ಜಾಗ ಉಳಿಯಿತು. ಒಳಗೊಳಗೇ ಹಿಗ್ಗಿದೆ. ಗೇಟಿನ ಹತ್ತಿರ ತಮ್ಮ ಪಾಳಿಗಾಗಿ ಕಾಯುತ್ತಿದ್ದ ಡಾಕ್ಟರು ಓಡಿ ಬಂದರು.

"ಗುರುಗಳೇ, ಅದ್ಭುತ!"

"ಏನೋ ಸ್ವಲ್ಪ ಅಭ್ಯಾಸ," ಎಂದು ನಾನು ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದೆ.

ಡಾಕ್ಟರು ನನ್ನ ಕಿಟಕಿ ದಾಟಿ, ಕಾರನ್ನು ಬಳಸಿಕೊಂಡು, ಎಡಗಡೆಯ ಬಾಗಿಲ ಹತ್ತಿರ ಹೋಗಿ ಕೈ ಮುಗಿದರು.

"ಇಂಥವರಿಗೂ ಕಲಿಸಿಬಿಟ್ರಲ್ಲ!"